ಸಿನಿಮಾದಲ್ಲಿ ಅಳಿಸಿದ ಕುಂಕುಮ

ಅವತ್ತು ಎಮ್ಮೆ ಹಿಂಡಿದೆ, ಜೋಳ ಬೀಸಿದೆ, ಪಡಸಾಲೆ ಸಾರಿಸಿದೆ, ನಾದಿನಿಯ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಖಣ ತಟ್ಟೆಯಲ್ಲಿ ಇಟ್ಟೆ. ನಿಜಾಮರ ಕಾಲ ಅದು. ಮುಂಬೈಯಲ್ಲಿ ಸಿನಿಮಾ ನಟಿಯಾಗಿದ್ದ ನಾದಿನಿ, ಬಹಳ ವರ್ಷಗಳ ಮೇಲೆ ಹುಮನಾಬಾದಿನ ತವರಿಗೆ ಗಂಡನ ಜೊತೆ ಬಂದು, ಈಗ ಹೊರಟು ನಿಂತಿದ್ದಳು.

ಅತ್ತೆ ತಟ್ಟೆಯನ್ನು ಕಾಲಿನಿಂದ ಸರಿಸಿದರು. "ಉಡಿ ತುಂಬೂದು ಮುತ್ತೈದೇರಿಗೆ. ಇಕಿ ಸಿನಿಮಾದಾಗ ಕುಂಕುಮ ಅಳಿಸಿಕೊಂಡಾಳ, ಬಳಿ ಒಡಕೊಂಡಾಳ. ಕಲ್ಯಾಣ ಊರಿನ ಸಿನಿಮಾ ಟೆಂಟಿನ್ಯಾಗ ಕಣ್ಣಾರೆ ನೋಡೀನಿ."

"ಅವ್ವಾ, ಅದು ಪಾತ್ರ. ನಿನ್ನ ಅಳಿಯ ಹೊರಗ ಟಾಂಗಾದಾಗ ಕುಂತಾನ, ನೋಡು."

"ಅಂವ ಇದ್ದಾಗನ ಅಳಿಸಿಕೊಂಡಿ. ಅದಕ್ಕ ರೊಕ್ಕ ಬ್ಯಾರೆ ತಗೊಂಡಿ, ಬೇಶರಮ್!"

ನಾದಿನಿ ಸೆರಗೊಡ್ಡಿ ನಿಂತೇ ಇದ್ದಳು. ನಾನು ತಟ್ಟೆ ಎತ್ತಿಕೊಂಡೆ.

"ಒಂದು ಕಾಳು ಹಾಕಿದ್ರ ನೀನೂ ಆಕಿ ಜೋಡಿ ಟಾಂಗಾ ಹತ್ತು," ಅಂದರು ಅತ್ತೆ.

ನಾದಿನಿ ಸೆರಗು ಬಿಟ್ಟಳು. "ಅವ್ವಾ, ಮುಂದಿನ ಸಿನಿಮಾದಾಗ ಕೆಟ್ಟ ಅತ್ತಿ ಪಾತ್ರ ಅದ. ಕಲಿಯೂದು ಇಲ್ಲೇ ಮುಗೀತು," ಅಂದವಳೇ ಟಾಂಗಾ ಹತ್ತಿದಳು. ಮತ್ತೆ ಬರಲಿಲ್ಲ.

ಉಡಿಯ ಅಕ್ಕಿಯನ್ನೇ ರಾತ್ರಿಗೆ ಅನ್ನ ಮಾಡಿಸಿದರು. ಅತ್ತೆ ಎರಡು ಸಲ ಹಾಕಿಸಿಕೊಂಡು ಉಂಡರು. ನಾನು ತಂಗಳು ರೊಟ್ಟಿ ತಿಂದೆ. ಎಲ್ಲರಿಗಿಂತ ಮೊದಲು ಅತ್ತೆಗೇ ನಿದ್ದೆ ಹತ್ತಿತು.