ಅಕ್ಕ ಮಣ್ಣು ತೂರಿದ ಸಂಜೆ

ಅಕ್ಕ ಹೋಗಿ ತಿಂಗಳಾಯಿತು. ಮನೆಗೆ ಬಂದವರೆಲ್ಲ ಅವಳ ತಾಳ್ಮೆಯನ್ನು ಹೊಗಳಿ ಹೋಗುತ್ತಾರೆ. ನಾನು ತಲೆಯಾಡಿಸಿ ಕಾಫಿ ಕೊಡುತ್ತೇನೆ. ತಾಳ್ಮೆ ಎಂಬುದು ಅವಳಿಗೆ ಎಂದೂ ಇರಲಿಲ್ಲ. ಇಲ್ಲದ್ದರಿಂದಲೇ ನಾವಿಬ್ಬರೂ ಓದು ಮುಗಿಸಿ ಟೀಚರಾದೆವು. ಅಷ್ಟನ್ನಾದರೂ ಸರಿಯಾಗಿ ಬರೆದಿಡೋಣ ಎಂದು ಕೂತಿದ್ದೇನೆ.

ಐವತ್ತರ ದಶಕದ ಮಾತು. ನಮ್ಮೂರು ಗುಂಡ್ಲುಪೇಟೆಯಿಂದಾಚೆ, ಮಂಜಿಲ್ಲದ ದಿನ ಹೊಲದಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತಿತ್ತು. ಚಾಮರಾಜನಗರದ ಟೀಚರ್ ಟ್ರೈನಿಂಗ್ ಶಾಲೆಯಲ್ಲಿ ಅಕ್ಕನಿಗೆ ಮೊದಲೇ ಸೀಟು ಸಿಗುತ್ತಿತ್ತು. ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಅಪ್ಪ ಹಟ ಹಿಡಿದದ್ದರಿಂದ, ನಾನು ಮಿಡಲ್ ಸ್ಕೂಲು ಮುಗಿಸುವ ತನಕ ಅವಳು ಕಾದಳು. ಕಾದಳು ಎಂದರೆ, ದಿನಾ ನನ್ನ ಕಿವಿ ಹಿಂಡಿ ಓದಿಸಿದಳು.

ಹೊರಟ ದಿನ ಬಸ್ಸಿನ ಬಾಗಿಲಲ್ಲಿ ಅಪ್ಪ ಒಂದೇ ಮಾತು ಹೇಳಿದ.

"ಯಾವನ್ ಬಾಯಲ್ಲಾದ್ರೂ ನಿಮ್ ಮಾತು ಬಂತು ಅಂದ್ರೆ, ಅವತ್ತೇ ಪೆಟ್ಗೆ ಎತ್ಕಂಡು ಮನೆಗೆ. ತಿಳೀತಾ?"

"ತಿಳೀತು ಕಣಪ್ಪೋ. ಬುಡು, ಬಸ್ಸು ಓಯ್ತದೆ" ಎಂದಳು ಅಕ್ಕ.

ಶಾಲೆಯ ಹಿಂದೆಯೇ ಹುಡುಗಿಯರ ಹಾಸ್ಟೆಲು. ನೆಲದ ಮೇಲೆ ಸಾಲಾಗಿ ಚಾಪೆ, ಬೆಳಿಗ್ಗೆ ಉಪ್ಪಿಟ್ಟು, ಬಾವಿಯ ಹತ್ತಿರ ಗಲಾಟೆ. ನನಗಂತೂ ಸ್ವರ್ಗ. ಆದರೆ ಕೆಲವು ದಿನ ಕಳೆಯುವಷ್ಟರಲ್ಲಿ ಸಾಮಾನು ಕಾಣೆಯಾಗತೊಡಗಿತು. ಮೊದಲು ಬಾವಿಕಟ್ಟೆಯ ಮೇಲಿನ ಹಿತ್ತಾಳೆ ಚೊಂಬು, ಆಮೇಲೆ ಒಣಹಾಕಿದ ರವಿಕೆಗಳು. ಮೈಸೂರಿನಿಂದ ಬಂದಿದ್ದ ವಾರ್ಡನ್ ಮೇಡಂ ನಮ್ಮನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು: "ನೋಡ್ರಮ್ಮಾ, ಹೆಣ್ಣುಮಕ್ಕಳಿರೋ ಜಾಗ. ಪೊಲೀಸು ಗಿಲೀಸು ಅಂತ ಬಂದರೆ ಕಳ್ಳನಿಗೇನಾಗುತ್ತೋ ಗೊತ್ತಿಲ್ಲ, ನಿಮ್ಮ ಹೆಸರಂತೂ ಹಾಳಾಗುತ್ತೆ. ಬಟ್ಟೆ ಜೋಪಾನ ಮಾಡ್ಕೊಳ್ಳಿ."

ನಾವು ತುಟಿ ಹೊಲಿದುಕೊಂಡೆವು. ಎಲ್ಲರ ಮನೆಯಲ್ಲೂ ಒಬ್ಬೊಬ್ಬ ಅಪ್ಪ, ಎಲ್ಲ ಅಪ್ಪಂದಿರದೂ ಅದೇ ಪೆಟ್ಟಿಗೆಯ ಮಾತು.

ಹಾಗಿರುವಾಗ ಅಕ್ಕನ ಸೀರೆ ಹೋಯಿತು. ಅವ್ವ ಉಟ್ಟು ಜೋಪಾನ ಮಾಡಿ ಕೊಟ್ಟಿದ್ದ ಕೆಂಪಂಚಿನ ಸೀರೆ. ಮಕ್ಕಳ ಮುಂದೆ ನಿಂತು ಪಾಠ ಮಾಡಿ ತೋರಿಸುವ ದಿನಕ್ಕೆಂದು ಒಗೆದು ಹರವಿದ್ದಳು. ಬರಿ ಹಗ್ಗ ನೋಡಿದವಳೇ ಅಂಗಳಕ್ಕಿಳಿದಳು.

ನಮ್ಮೂರಲ್ಲಿ ಏನಾದರೂ ಕಳುವಾದರೆ ಹೆಂಗಸರು ಯಾರ ಮನೆ ಬಾಗಿಲಿಗೂ ಹೋಗಿ ಕೇಳುವುದಿಲ್ಲ. ಸಂಜೆ ಬೀದಿಯ ನಡುವೆ ನಿಂತು, ಹಿಡಿ ಮಣ್ಣು ತೂರಿ, ಯಾರ ಹೆಸರೂ ಎತ್ತದೆ ಕಳ್ಳನನ್ನು ಶಪಿಸುತ್ತಾರೆ. ಕದ್ದವನು ಅದೇ ಬೀದಿಯವನು, ಗೋಡೆಯಾಚೆ ಕೂತು ಕೇಳುತ್ತಿರುತ್ತಾನೆ. ಬೆಳಗಾಗುವಷ್ಟರಲ್ಲಿ ಕೋಳಿಯೋ ಕುಡುಗೋಲೋ ಜಗಲಿಯ ಮೇಲಿರುತ್ತದೆ.

ಅಕ್ಕ ಗೇಟಿನಾಚೆ ರಸ್ತೆಯಲ್ಲೇ ನಿಂತು ಮಣ್ಣು ತೂರಿದಳು.

"ಯಾವನ್ಲಾ ಅವ್ನು, ನನ್ ಸೀರೆ ಎತ್ಕಂಡೋದವ್ನು! ಅದ್ನೇ ಉಟ್ಕಂಡು ಗೋಪಾಲ್ಸಾಮಿ ಬೆಟ್ಟ ಅತ್ತು! ಮಂಜಲ್ಲಿ ದಾರಿ ತಪ್ಪಿ ಆನೆ ಮುಂದ್ಕೋಗಿ ನಿಂತ್ಕ! ಆನೆನೂ ನಿನ್ನ ನೋಡಿ ನಗ್ಲಿ ಕಣ್ಲಾ!"

ಸೈಕಲ್ಲುಗಳು ನಿಂತವು. ಸಂತೆ ಮುಗಿಸಿ ಹೋಗುತ್ತಿದ್ದವರು ಬುಟ್ಟಿ ಇಳಿಸಿದರು. ಮೇಡಂ ಓಡಿಬಂದು, "ಏನಮ್ಮಾ ಇದು, ವಿದ್ಯಾಸಂಸ್ಥೆ ಕಣಮ್ಮಾ ಇದು!" ಎಂದು ಅವಳ ತೋಳು ಹಿಡಿದರು. ಅಕ್ಕ ಇನ್ನೊಂದು ಹಿಡಿ ತೂರಿದಳು. ಅರ್ಧ ಮೇಡಮ್ಮಿನ ತಲೆಗೇ ಬಿತ್ತು.

ಸೀರೆ ಬರಲಿಲ್ಲ. ಚಾಮರಾಜನಗರದಲ್ಲಿ ಕಳ್ಳ ನಮ್ಮ ಬೀದಿಯವನಲ್ಲ, ಅವಳಿಗೆ ಅದು ಹೊಳೆದಿರಲಿಲ್ಲ. ಬದಲಿಗೆ ಬಂದದ್ದು ಹುಡುಗಿಯರ ಮಾತು. ಅಂದು ಊಟಕ್ಕೆ ಕೂತಾಗ ಹರದನಹಳ್ಳಿಯ ಹುಡುಗಿ ತಟ್ಟೆ ನೋಡುತ್ತಲೇ, "ಬಚ್ಚಲ ಇಂದೆ ಗೋಡೆ ಬಿದ್ದದಲ್ಲ, ಅಲ್ಲಿ ಒಬ್ಬ ನಿಂತಿರ್ತಾನೆ" ಎಂದಳು. "ನಾನೂ ಕಂಡಿವ್ನಿ" ಎಂದಳು ಇನ್ನೊಬ್ಬಳು. ನಾನೂ ಕಂಡಿದ್ದೆ. ಒಬ್ಬೊಬ್ಬರೂ ತಾನೊಬ್ಬಳೇ ಕಂಡದ್ದೆಂದು ಬಾಯಿ ಮುಚ್ಚಿಕೊಂಡಿದ್ದೆವು. ಮೇಡಂ ಊಟ ಬಿಟ್ಟು ಕೂತರು. ಮಾರನೆಯ ದಿನ ತಾವೇ ಕೊಡೆ ಹಿಡಿದು ಪೊಲೀಸ್ ಠಾಣೆಗೆ ಹೋಗಿಬಂದರು.

ಆದರೆ ಬುಟ್ಟಿ ಇಳಿಸಿ ನಿಂತವರಲ್ಲಿ ನಮ್ಮೂರಿನ ವೀಳ್ಯದೆಲೆ ವ್ಯಾಪಾರಿಯೂ ಒಬ್ಬನಿದ್ದ. ಮೂರನೆಯ ದಿನ ಬೆಳಿಗ್ಗೆ ಗೇಟಿನಲ್ಲಿ ಅಪ್ಪ. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಸುತ್ತಿದ ಹಗ್ಗ, ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಕಟ್ಟಲು. ನನಗೆ ಅಳುವೇ ಬಂತು.

"ನಡೀರಿ. ಓದಿದ್ದು ಸಾಕು."

ಅಕ್ಕ ಅಲ್ಲಾಡಲಿಲ್ಲ. "ಓದ್ವರ್ಸ ಕಣದಲ್ಲಿ ರಾಗಿ ಕದ್ಕಂಡೋದ್ರಲ್ಲಪ್ಪ, ಆಮೇಕೆ ನೀನು ಬೇಸಾಯ ಬುಟ್ಬುಟ್ಯಾ?"

"ಅದೂ ಇದೂ ಒಂದೇನಮ್ಮಿ?"

"ಬಚ್ಚಲ ಇಂದೆ ಬಿದ್ದಿರೋ ಗೋಡೆ ದಾಟಿ ಕದ್ದವ್ನು ಆಯಾಗವ್ನೆ. ನಾವ್ಯಾಕೆ ಪೆಟ್ಗೆ ಒರ್ಬೇಕು?"

ಅಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ. "ನಾಲ್ಗೆ ನೋಡು ಇವ್ಳ್ದು" ಎಂದು ಗೊಣಗಿ, ಮೇಡಮ್ಮಿನ ಕಡೆ ತಿರುಗಿ, ಬಿದ್ದ ಗೋಡೆ ಎಲ್ಲಿದೆ ತೋರಿಸಿ ಎಂದ. ನೋಡಿ, ಹೊಲದ ಬದುವಿನಲ್ಲಿ ಕೂರುವಂತೆ ಕುಕ್ಕರಗಾಲಲ್ಲಿ ಕೂತ.

"ಇದೇನ್ ತಾಯಿ, ದನ ನುಗ್ಗೋ ದಾರಿ ಇದ್ದಂಗದೆ."

"ಬರೆದಿದೀವಿ ಯಜಮಾನ್ರೇ, ಮಂಜೂರಾಗಬೇಕು" ಎಂದರು ಮೇಡಂ.

"ಆಗೋಗಂಟ ಮುಳ್ಳಾಕನ ಬುಡಿ."

ಹತ್ತಿರದ ಉಡಿಗಾಲದಲ್ಲಿ ನಮ್ಮ ಚಿಕ್ಕವ್ವನ ಮನೆಯಿತ್ತು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಅಲ್ಲಿಂದ ಗಾಡಿ ತುಂಬ ಜಾಲಿ ಮುಳ್ಳು ಹೊಡೆದುಕೊಂಡು ಬಂದ. ಗೂಟ ನೆಟ್ಟು, ಮುಳ್ಳು ಒತ್ತಿ ಒತ್ತಿ ಪೇರಿಸಿ, ಬಿಗಿಯಲು ಏನೂ ಸಿಗದೆ, ಹೆಗಲ ಮೇಲಿನ ಹಗ್ಗವನ್ನೇ ಬಿಚ್ಚಿ ಕಟ್ಟಿದ. ಕೈಯೆಲ್ಲ ಗೀರು. ನಾವು ಹುಡುಗಿಯರೆಲ್ಲ ಸುತ್ತ ನಿಂತು ನೋಡಿದೆವು.

"ಮೇಡಮ್ಮಾ, ಈ ಮುಳ್ಳೊಂದು, ಇವ್ಳ್ ಬಾಯೊಂದು. ಬೇರೆ ಕಾವ್ಲು ಬ್ಯಾಡಿ" ಎಂದು ಸಂಜೆ ಬಸ್ಸಿಗೆ ಹೊರಟ, ಬರಿಗೈಯಲ್ಲಿ.

ಅಂದಿನಿಂದ ಮೇಡಂ ಊಟಕ್ಕೆ ಬಡಿಸುವ ಮುಂಚೆ, "ಯಾರಿಗಾದ್ರೂ ಏನಾದ್ರೂ ಕಳುವಾಗಿದ್ಯಾ? ಯಾರಾದ್ರೂ ಏನಾದ್ರೂ ಕಂಡ್ರಾ? ನನಗೇ ಹೇಳಿ, ರಸ್ತೆಗೆ ಹೋಗಬೇಡಿ" ಎಂದು ಕೇಳುವುದು ರೂಢಿಯಾಯಿತು. ನಾವು ನಗುತ್ತಿದ್ದೆವು, ಆದರೆ ಹೇಳುತ್ತಿದ್ದೆವು. ಪಾಠ ತೋರಿಸುವ ದಿನ ಅಕ್ಕ ಹರದನಹಳ್ಳಿಯ ಹುಡುಗಿಯ ಸೀರೆ ಉಟ್ಟು ಹೋದಳು.

ಈಗ ಊಟಕ್ಕೆ ಕೂತಾಗ ಮಗ ಕೇಳುತ್ತಾನೆ, "ಯಾಕವ್ವ ಸುಮ್ಕಿದ್ದೀಯ?" ಎಂದು. ಅಕ್ಕನಷ್ಟು ದನಿ ನನಗಿಲ್ಲ. ಆದರೂ ನಿನ್ನೆ ತಟ್ಟೆ ನೋಡುತ್ತಲೇ ಹೇಳಿದೆ, "ನಮ್ಮಕ್ಕ ಇಲ್ವಲ್ಲ ಕಣಪ್ಪ." ಅವನು ಅನ್ನದ ಕೈ ಹಾಗೇ ಇಟ್ಟುಕೊಂಡು ನನ್ನ ಪಕ್ಕಕ್ಕೆ ಬಂದು ಕೂತ.