ಎತ್ತಿ ಕುಡಿಯುವ ಮನೆ

ಕೊರೊನಾ ಬಂದು ಆಸ್ಪತ್ರೆ ಸೇರಿದಾಗ ನನ್ನ ಗಂಟಲಿಗೆ ಉಸಿರಾಟದ ಕೊಳವೆ ಇಳಿಸಿದ್ದರಂತೆ. ಅದನ್ನು ತೆಗೆದ ಮೇಲೆ ನಾನು ಮೊದಲು ಕೇಳಿದ್ದು ನೀರು. ಕೊಡಲಿಲ್ಲ. ಒದ್ದೆ ಹತ್ತಿಯಲ್ಲಿ ತುಟಿ ಒರೆಸಿದರು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಊಟವೆಲ್ಲ ಮೂಗಿನ ನಳಿಕೆಯಲ್ಲೇ. ತೋಳು ನೋಡಿಕೊಂಡರೆ ಯಾರದೋ ಬಡಕಲು ತೋಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನನ್ನದು ಬಾಯಿಗೆ ಬಂದರೂ ಒಳಗಿಳಿಯದ ಸ್ಥಿತಿ.

ನುಂಗುವುದನ್ನು ಕಲಿಸಲೆಂದೇ ಒಬ್ಬಳು ಹುಡುಗಿ ಬಂದಳು. ಮೂವತ್ತು ವರ್ಷ ಟೀಚರಾಗಿದ್ದ ನನಗೆ ಹೀಗೂ ಒಂದು ಪಾಠ ಇದೆ ಅಂತ ಗೊತ್ತಿರಲಿಲ್ಲ. ಒಂದು ಚಮಚ ಗಂಜಿ ಕೊಟ್ಟಳು, ಇಳಿಯಿತು. ಒಂದು ಚಮಚ ನೀರು ಕೊಟ್ಟಳು, ಕೆಮ್ಮಿ ಕೆಮ್ಮಿ ಸಾಕಾಯಿತು.

"ಇದೇನಮ್ಮಾ, ನೀರೇ ಸುಲಭ ಅಲ್ವಾ?"

"ನೀರು ಓಡುತ್ತೆ ಮೇಡಂ. ನಿಮ್ಮ ಗಂಟಲು ಬಾಗಿಲು ಹಾಕೋಷ್ಟರಲ್ಲಿ ಶ್ವಾಸಕೋಶಕ್ಕೆ ನುಗ್ಗಿಬಿಡುತ್ತೆ. ಗಂಜಿ ನಿಧಾನವಾಗಿ ಹೋಗುತ್ತೆ."

ಕತ್ತಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿದೆ. ಒಂದು ಗಂಟು ಮೇಲೆ ಹೋಗಿ ಇಳಿಯಿತು. ಐವತ್ತೆಂಟು ವರ್ಷ ಅಲ್ಲೇ ಇದ್ದರೂ ನಾನದನ್ನು ಗಮನಿಸಿರಲಿಲ್ಲ. ಅವತ್ತಿನಿಂದ ಬಂದವರೆಲ್ಲರ ಕತ್ತನ್ನೇ ದಿಟ್ಟಿಸತೊಡಗಿದೆ. ನರ್ಸ್ ಒಬ್ಬರು ನಾಚಿ ಕಾಲರ್ ಸರಿಮಾಡಿಕೊಂಡರು.

ನಳಿಕೆ ತೆಗೆದು ಮನೆಗೆ ಕಳಿಸುವಾಗ ಆ ಹುಡುಗಿ ಎಚ್ಚರಿಸಿದಳು: "ಗದ್ದ ಎದೆಗೆ ಒತ್ತಿ, ಗುಟುಕು ಗುಟುಕಾಗಿ ಕುಡೀರಿ. ತಲೆ ಮಾತ್ರ ಎತ್ತಬೇಡಿ. ಮುಂದಿನ ವಾರ ತೂಕ ಇನ್ನೂ ಇಳಿದಿದ್ರೆ ಮತ್ತೆ ನಳಿಕೆನೇ."

ಶಂಕರಪುರಂನ ನಮ್ಮ ಮನೆಯಲ್ಲಿ ಲೋಟ ಕಚ್ಚಿ ಕುಡಿದವರಿಲ್ಲ. ಯಾರಾದರೂ ನೆಂಟರು ಕಚ್ಚಿದರೆ, ಅವರು ಹೊರಟ ಮೇಲೆ ಅಮ್ಮ ಆ ಲೋಟವನ್ನು ಎರಡೆರಡು ಸಲ ತಿಕ್ಕುತ್ತಿದ್ದಳು. ಮೊದಲ ದಿನ ಊಟಕ್ಕೆ ಕೂತೆ. ಅಮ್ಮ ನೀರು ಕೊಟ್ಟಳು. ಹುಟ್ಟುಗುಣ ಸುಟ್ಟರೂ ಹೋಗದು: ಕೈ ತಾನಾಗಿ ಮೇಲೆದ್ದಿತು, ತಲೆ ಹಿಂದಕ್ಕೆ ವಾಲಿತು. ಉಸಿರೇ ನಿಂತ ಹಾಗಾಯಿತು. ಅಮ್ಮ ಗಾಬರಿಯಿಂದ ಬೆನ್ನು ತಟ್ಟಿದಳು.

ಆಮೇಲೆ ಲೋಟ ಕಂಡರೆ ಭಯ. ಕಚ್ಚೋಣವೆಂದರೆ ಅಮ್ಮನೆದುರು ತುಟಿ ಮುಂದೆ ಹೋಗದು. ನೀರು ಬಿಟ್ಟೆ, ಒಣ ಗಂಟಲಿಗೆ ಅನ್ನವೂ ಇಳಿಯದಾಯಿತು. ತೂಕದ ದಿನಕ್ಕೆ ಮೂರೇ ದಿನ ಉಳಿದಿತ್ತು. "ಆ ಹುಡುಗಿ ಏನು ಹೇಳಿದ್ಲು, ಸರಿಯಾಗಿ ಹೇಳು," ಎಂದು ಅಮ್ಮ ಗದರಿದಳು. ಹೇಳಿದೆ.

ಮಾರನೆಯ ಬೆಳಿಗ್ಗೆ ಅಮ್ಮ ನನ್ನೆದುರು ಬಂದು ಕೂತಳು. ಅವಳಿಲ್ಲದಾಗ ನಾನು ತುಟಿಗಿಟ್ಟು, ಹೆದರಿ ಕೆಳಗಿಟ್ಟಿದ್ದ ಲೋಟವನ್ನೇ ಎತ್ತಿಕೊಂಡಳು.

"ಅಮ್ಮಾ, ಅದು ನನ್ನ ಎಂಜಲು."

"ಗೊತ್ತು, ಸುಮ್ನಿರೇ."

ಗದ್ದ ಎದೆಗೆ ಒತ್ತಿದಳು. ಎಂಬತ್ತೆರಡು ವರ್ಷದಲ್ಲಿ ಮೊದಲ ಸಲ ಲೋಟಕ್ಕೆ ತುಟಿ ಇಟ್ಟು ಕುಡಿದಳು. ಅವಳ ಸುಕ್ಕುಗತ್ತಿನಲ್ಲಿ ಆ ಗಂಟು ಮೇಲೆ ಹೋಗಿ ಇಳಿಯುವುದನ್ನು ನಾನು ನೋಡಿದೆ.

"ಅಂಥಾ ಕಷ್ಟ ಏನಿಲ್ಲ ಕಣೆ," ಎನ್ನುತ್ತಾ ಲೋಟ ನನ್ನ ಕೈಗೆ ಕೊಟ್ಟಳು. "ಈಗ ನೀನು ಕುಡಿ."

ತುಟಿ ಇಟ್ಟು ಕುಡಿದೆ. ಕೆಮ್ಮು ಬರಲಿಲ್ಲ. ಲೋಟ ಖಾಲಿಯಾಗುವವರೆಗೂ ಅಮ್ಮ ನನ್ನ ಕತ್ತನ್ನೇ ನೋಡುತ್ತಾ ಕೂತಿದ್ದಳು.