ಹಿಂದಿನ ಚಕ್ರದ ಬ್ರೇಕು

ಗುರುವಾಯನಕೆರೆಯಲ್ಲಿ ನಾರಾವಿ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಭೋಜ ಎಂಬವನ ಗ್ಯಾರೇಜು. ಗ್ಯಾರೇಜೆಂದರೆ ಕಬ್ಬಿಣದ ಕಂಬಗಳ ಮೇಲೊಂದು ತಗಡಿನ ಮಾಡು, ಒಂದು ಮರದ ಬೆಂಚು, ಗೋಡೆಯ ತುಂಬ ತೂಗುಹಾಕಿದ ಕೇಬಲ್ಲುಗಳು. ಹೊಸ ಬೈಕುಗಳು ಶೋರೂಮಿಗೆ ಹೋಗುತ್ತವೆ. ಅವನಲ್ಲಿಗೆ ಬರುವುದು ಹಳೆಯವು, ಗುಡ್ಡದ ಮನೆಗಳಿಂದ ರಬ್ಬರ್ ಶೀಟು, ಹಾಲಿನ ಕ್ಯಾನು ಹೊತ್ತು ಇಳಿಯುವಂಥವು. ಅವುಗಳಲ್ಲಿ ಮೊದಲು ಸವೆಯುವುದು ಬ್ರೇಕು.

ಸ್ಪ್ಯಾನರ್ ಮುಟ್ಟುವ ಮೊದಲು ಭೋಜ ಬೈಕನ್ನು ತಾನೇ ಒಂದು ಸುತ್ತು ಓಡಿಸಿ ನೋಡುತ್ತಿದ್ದ. ಪೆಡಲು ಎಷ್ಟು ಕೆಳಗೆ ಹೋಗುತ್ತದೆ, ಹಿಡಿಯುವಾಗ ಏನು ಶಬ್ದ, ಕಾಲು ತೆಗೆದ ಮೇಲೆ ಚಕ್ರ ಸಲೀಸಾಗಿ ತಿರುಗುತ್ತದೆಯೋ ಇಲ್ಲವೋ. ಕಿರುಚಿದರೆ ಡ್ರಮ್ಮಿನೊಳಗೆ ಚಕ್ರವನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ಧೂಳು ಕುಡಿದು ಗಾಜಿನಂತೆ ನುಣುಪಾಗಿದೆ ಎಂದರ್ಥ. ಮರಳು ಕಾಗದದಲ್ಲಿ ತಿಕ್ಕಿದರೆ ಆಯಿತು. ಕೆರೆದರೆ ಶೂ ಸವೆದು ಲೋಹಕ್ಕೆ ಲೋಹ ತಾಗುತ್ತಿದೆ, ಬದಲಿಸಲೇಬೇಕು. ಇಷ್ಟನ್ನು ಅವನು ಗಿರಾಕಿಗೆ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದ. ಸುಳ್ಳು ಹೇಳುವ ಪ್ರಸಂಗ ಆ ಕಸುಬಿನಲ್ಲಿ ಅವನಿಗೆ ಬಂದದ್ದೇ ಇಲ್ಲ, ಪದ್ಮಯ್ಯ ಬರುವ ತನಕ.

ಪದ್ಮಯ್ಯ ನಾರಾವಿಯಿಂದ ಮೇಲೆ ಗುಡ್ಡದಲ್ಲಿ ಅಡಿಕೆ, ರಬ್ಬರ್ ಮಾಡಿಕೊಂಡಿದ್ದವನು. ಅವನ ಒಬ್ಬನೇ ಮಗ ನಿತೇಶ್ ಒಂದು ಬೆಳಿಗ್ಗೆ ಪೇಟೆಗೆಂದು ಬೈಕಿನಲ್ಲಿ ಹೊರಟವನು ಇಳಿಜಾರಿನ ಕೊನೆಯ ತಿರುವಿನಲ್ಲಿ ಮೋರಿಯ ಕಟ್ಟೆಗೆ ಹೊಡೆದು ಅಲ್ಲೇ ಸತ್ತಿದ್ದ. ಪೊಲೀಸರ ಕೆಲಸ ಮುಗಿದ ಮೇಲೆ ಪದ್ಮಯ್ಯ ಆ ಬೈಕನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದ. ಮುಂದಿನ ಚಕ್ರ ಎಂಟರ ಆಕಾರಕ್ಕೆ ತಿರುಚಿಹೋಗಿತ್ತು. ಹಿಂಭಾಗಕ್ಕೆ ಏನೂ ಆಗಿರಲಿಲ್ಲ.

"ರಿಪೇರಿ ಆಮೇಲೆ ನೋಡುವ," ಎಂದ ಪದ್ಮಯ್ಯ. "ಬ್ರೇಕ್ ಇತ್ತಾ ಇಲ್ವಾ, ಅದೊಂದು ನನಗೆ ಹೇಳು ಭೋಜ."

ಮುಂದಿನ ಬ್ರೇಕಿನ ಕೇಬಲ್ ಎಳೆದು ಎಳೆದು ಸಡಿಲವಾಗಿತ್ತು. ಅದನ್ನು ಬದಲಿಸಲು ಭೋಜನೇ ನಿತೇಶನಿಗೆ ಹೇಳಿದ್ದ, ಅವನು ಮಳೆಗಾಲ ಕಳೆಯಲಿ ಎಂದಿದ್ದ. ಭೋಜ ಹಿಂದಿನ ಚಕ್ರ ಬಿಚ್ಚಿದ. ಶೂಗಳನ್ನು ಅಗಲಿಸುವ ಕ್ಯಾಮಿಗೆ ಒಂದು ಸಾಸಿವೆಯಷ್ಟು ಗ್ರೀಸ್ ಸಾಕು. ಇಲ್ಲಿ ಯಾರೋ ಬೆರಳಲ್ಲಿ ತೆಗೆದು ಮೆತ್ತಿದ್ದರು. ಅದು ಬಿಸಿಗೆ ಕರಗಿ, ಎರಡೂ ಶೂಗಳ ಮೇಲೆ ಹರಡಿ, ಡ್ರಮ್ಮಿನ ಒಳಮೈಯೆಲ್ಲ ಕಪ್ಪಗೆ ಹೊಳೆಯುತ್ತಿತ್ತು. ಗ್ರೀಸ್ ತಾಗಿದ ಶೂ ಜಾರುತ್ತದೆ, ಹಿಡಿಯುವುದಿಲ್ಲ.

ಹಿಂದೆ ನಿಂತಿದ್ದ ಪದ್ಮಯ್ಯನೇ ಮಾತು ತೆಗೆದ. "ಕೀಂಯ್ ಕೀಂಯ್ ಅಂತಿತ್ತು ಅದು. ನಾನೇ ಹಿಂದಿನ ದಿನ ಬಿಚ್ಚಿ ಗ್ರೀಸ್ ಹಾಕಿ ಕೊಟ್ಟದ್ದು. ಶಬ್ದ ನಿಂತಿತು ನೋಡು."

ಭೋಜ ತಿರುಗಿ ಅವನ ಮುಖ ನೋಡಿದ. ಗಡ್ಡ ಬೆಳೆದು, ಕಣ್ಣು ಒಳಗೆ ಹೋಗಿ, ಮನುಷ್ಯ ಅರ್ಧ ಆಗಿದ್ದ. ಭೋಜ ಹಳೆ ಬಟ್ಟೆಯಿಂದ ಕೈ ಒರೆಸಿಕೊಂಡ.

"ಬ್ರೇಕಿನದ್ದೇನೂ ತೊಂದರೆ ಇಲ್ಲ, ಪದ್ಮಯ್ಯಣ್ಣ."

"ಹಾಗಾದ್ರೆ ಮನೆಯವಳು ಹೇಳಿದ್ದೇ ಸರಿ," ಎಂದು ಪದ್ಮಯ್ಯ ಹೊರಟುಹೋದ. ಅವನ ಹೆಂಡತಿ ಸೇಸಮ್ಮ ಏನು ಹೇಳಿದ್ದಳೆಂದು ಭೋಜ ಕೇಳಲಿಲ್ಲ. ಮುದುಕನನ್ನು ಒಂದು ದೊಡ್ಡ ಸಂಕಟದಿಂದ ಉಳಿಸಿದೆ ಎಂಬ ಸಮಾಧಾನ ಅವನಿಗಿತ್ತು. ಆ ಶೂಗಳನ್ನು ಮಾತ್ರ ಎಸೆಯಲು ಮನಸ್ಸಾಗದೆ ಪೇಪರಿನಲ್ಲಿ ಸುತ್ತಿ ಬೆಂಚಿನ ಕೆಳಗೆ ಇಟ್ಟ.

ಸೇಸಮ್ಮ ಹೇಳಿದ್ದು ಏನೆಂದು ಅವನಿಗೆ ತಿಳಿದದ್ದು ನಿತೇಶನ ಹೆಂಡತಿ ದೀಪಶ್ರೀ ಗ್ಯಾರೇಜಿಗೆ ಬಂದಾಗ. ಅವಳು ಸಣ್ಣ ಮಗಳನ್ನು ಕರೆದುಕೊಂಡು ಲಾಯಿಲದ ತವರಿಗೆ ಬಂದು, ಬೆಳ್ತಂಗಡಿಯ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು.

"ಭೋಜಣ್ಣ, ಬ್ರೇಕ್ ಸರಿ ಇತ್ತು ಅಂತ ಮಾವನ ಹತ್ರ ಹೇಳಿದ್ದು ನೀವಾ?"

"ಹೌದು."

"ಬೊಜ್ಜದ ದಿನ ಉತ್ತರಕ್ರಿಯೆಯ ಊಟಕ್ಕೆ ಬಂದವರ ಎದುರು ಅತ್ತೆ ಅದನ್ನೇ ಹೇಳಿದ್ರು. ಬ್ರೇಕ್ ಸರಿ ಇತ್ತಂತೆ, ಇವಳು ಬೆಳಿಗ್ಗೆ ಜಗಳ ಮಾಡಿ ಕಳಿಸಿದ್ಲು, ಮಗ ಬೇಕಂತಲೇ ಹೋಗಿ ಹೊಡೆದ, ಅಂತ. ಜಗಳ ಆದದ್ದು ಹೌದು. ನನ್ನ ತಂಗಿಯ ಹೊಸ ಮನೆ ಒಕ್ಕಲಿಗೆ ಹೋಗುವ ವಿಷಯಕ್ಕೆ. ಅಷ್ಟಕ್ಕೆ ಜೀವ ತೆಗೆದುಕೊಳ್ಳುವ ಜನ ಅಲ್ಲ ಅವರು." ಅವಳು ಸ್ವಲ್ಪ ತಡೆದು ಕೇಳಿದಳು, "ನಿಜಕ್ಕೂ ಸರಿ ಇತ್ತಾ?"

ಭೋಜ ಬೆಂಚಿನ ಕೆಳಗಿನಿಂದ ಕಟ್ಟು ತೆಗೆದು ಅವಳ ಮುಂದೆ ಬಿಚ್ಚಿದ. ದೀಪಶ್ರೀ ಒಂದು ಶೂವನ್ನು ಕೈಗೆ ತೆಗೆದುಕೊಂಡು, ಬೆರಳಿಗೆ ಅಂಟಿದ್ದನ್ನು ಮೂಸಿ ನೋಡಿದಳು.

"ಇದು ರಬ್ಬರ್ ಶೀಟ್ ಒತ್ತುವ ಮೆಷಿನಿಗೆ ಮಾವ ಹಾಕುವ ಗ್ರೀಸ್."

"ಹೌದು."

ಅವಳು ಅಳಲಿಲ್ಲ. "ಬರುವ ಆದಿತ್ಯವಾರ ನಾರಾವಿಗೆ ಹೋಗುವ," ಎಂದಳು. "ನನ್ನ ಹತ್ರ ಹೇಳಿದ್ರೆ ಸಾಕಾಗುವುದಿಲ್ಲ. ಅಲ್ಲಿ ಹೇಳಬೇಕು ನೀವು."

ಆದಿತ್ಯವಾರ ಬಸ್ಸಿಳಿದು ಇಬ್ಬರೂ ಗುಡ್ಡ ಹತ್ತಿದರು. ಮೋರಿಯ ಹತ್ತಿರ ಬಂದಾಗ ದೀಪಶ್ರೀ ರಸ್ತೆಯ ಆಚೆ ಬದಿಗೆ ಸರಿದು ನಡೆದಳು. ಪದ್ಮಯ್ಯ ಜಗಲಿಯಲ್ಲಿ ಕೂತಿದ್ದ. ಸೇಸಮ್ಮ ಬಾಗಿಲಲ್ಲೇ ನಿಂತಳು, ಒಳಗೆ ಬನ್ನಿ ಎನ್ನಲಿಲ್ಲ.

ಭೋಜ ಶೂಗಳನ್ನು ಜಗಲಿಯ ಮೇಲಿಟ್ಟು, ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದ.

ಪದ್ಮಯ್ಯ ಒಂದು ಶೂವನ್ನು ಎತ್ತಿ ತಿರುಗಿಸಿ ನೋಡಿದ. ಆಮೇಲೆ ಕೇಳಿದ, "ನಾನು ಗೇಟಿನ ತನಕ ಓಡಿಸಿ ನೋಡಿದ್ದೇನೆ. ಹಿಡೀತಿತ್ತಲ್ಲ?"

"ತಣ್ಣಗಿರುವಾಗ ಹಿಡಿಯುತ್ತದೆ. ಇಳಿಜಾರಿನಲ್ಲಿ ಬಿಸಿ ಏರಿ ಗ್ರೀಸ್ ಕರಗಿದ ಮೇಲೆ ಇಲ್ಲ. ಮುಂದಿನ ಬ್ರೇಕೂ ಇರಲಿಲ್ಲ ಪದ್ಮಯ್ಯಣ್ಣ. ಅದು ನಿತೇಶನಿಗೆ ಗೊತ್ತಿತ್ತು."

"ಅದು ಬಿಡು. ಅವತ್ತೇ ಯಾಕೆ ಹೇಳಲಿಲ್ಲ ನೀನು?"

"ನಿಮ್ಮ ಮುಖ ನೋಡಿ ಹೇಳ್ಲಿಕ್ಕೆ ಆಗಲಿಲ್ಲ."

"ಇವಳ ಮುಖ ನೆನಪಾಗಲಿಲ್ಲ ನಿನಗೆ," ಎಂದ ಪದ್ಮಯ್ಯ, ದೀಪಶ್ರೀಯ ಕಡೆ ನೋಡಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಬಾಗಿಲಿನಿಂದ ಸೇಸಮ್ಮ, "ಅವಳು ಹೇಳಿಕೊಟ್ಟದ್ದನ್ನು ಹೇಳ್ಲಿಕ್ಕೆ ಬಂದದ್ದಾ?" ಎಂದಳು. "ಒಮ್ಮೆ ಸರಿ ಇತ್ತು ಅನ್ನುವುದು, ಒಮ್ಮೆ ಇಲ್ಲ ಅನ್ನುವುದು. ಯಾವುದನ್ನು ನಂಬುವುದು ನಾವು?"

"ಸಾಕು," ಎಂದ ಪದ್ಮಯ್ಯ. "ಗ್ರೀಸ್ ಹಾಕಿದ್ದು ನಾನು."

ಸೇಸಮ್ಮ ಗಂಡನನ್ನು ಒಮ್ಮೆ ನೋಡಿ ಒಳಗೆ ಹೋದಳು. ಅಡುಗೆ ಮನೆಯ ಬಾಗಿಲು ಮುಚ್ಚಿದ್ದು ಕೇಳಿಸಿತು. ದೀಪಶ್ರೀ ತನ್ನ ಕೋಣೆಗೆ ಹೋಗಿ ಮಗಳ ಬಟ್ಟೆ, ನಿತೇಶನ ಒಂದು ಶಾಲು ಚೀಲಕ್ಕೆ ತುಂಬಿಕೊಂಡು ಬಂದಳು. ಪದ್ಮಯ್ಯ ಇರು ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಜಗಲಿಯಲ್ಲಿ ಆ ಶೂಗಳ ಪಕ್ಕದಲ್ಲಿ ಕೂತೇ ಇದ್ದ.

ಬಸ್ಸಿಗೆ ಕಾಯುವಾಗ ಭೋಜ, "ತಪ್ಪಾಯಿತು," ಎಂದ.

"ಮೊದಲ ದಿನವೇ ಹೇಳಿದ್ದಿದ್ರೆ ಮೂವರೂ ಒಟ್ಟಿಗೆ ಅಳ್ತಿದ್ದೆವೋ ಏನೋ," ಎಂದಳು ದೀಪಶ್ರೀ. "ಈಗ ಅವರ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ." ಬಸ್ಸು ಬಂದಾಗ ಅವಳು ಮುಂದಿನ ಸೀಟಿಗೆ ಹೋದಳು, ಭೋಜ ಹಿಂದೆ ನಿಂತುಕೊಂಡ.

ಸೇಸಮ್ಮ ಕೊನೆಗೂ ನಂಬಲಿಲ್ಲ. ಅಥವಾ ನಂಬಿದ್ದರಿಂದಲೇ ಇರಬೇಕು, ಗಂಡನ ಜೊತೆ ಮಾತು ಬಿಟ್ಟಳು. ಒಂದೇ ಮನೆಯಲ್ಲಿ ಊಟದ ಬಟ್ಟಲು ಮುಂದಿಟ್ಟು ಹೋಗುವುದಷ್ಟೇ ಉಳಿಯಿತು. ಪದ್ಮಯ್ಯ ಮೆಷಿನಿನ ಕೆಲಸವನ್ನೆಲ್ಲ ಬಿಟ್ಟು, ರಬ್ಬರಿನ ಹಾಲನ್ನು ಹಾಗೆಯೇ ಮಾರತೊಡಗಿದ. ಆಗೀಗ ಲಾಯಿಲಕ್ಕೆ ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ. ದೀಪಶ್ರೀ ಚಹಾ ಕೊಡುತ್ತಾಳೆ, ಅವನು ಕುಡಿಯುತ್ತಾನೆ. ಆ ಬೆಳಗಿನ ವಿಷಯ ಇಬ್ಬರೂ ಎತ್ತುವುದಿಲ್ಲ.

ಅವನು ನಾರಾವಿಗೆ ಮರಳಿ ಹೋಗುವ ಬಸ್ಸು ಗುರುವಾಯನಕೆರೆಯಲ್ಲಿ ನಿಲ್ಲುತ್ತದೆ. ಕಿಟಕಿಯಲ್ಲಿ ಪದ್ಮಯ್ಯನನ್ನು ಕಂಡರೆ ಭೋಜ ಎದ್ದು ನಿಲ್ಲುತ್ತಾನೆ. ಪದ್ಮಯ್ಯ ಒಮ್ಮೊಮ್ಮೆ ತಲೆಯಾಡಿಸುತ್ತಾನೆ. ಹೆಚ್ಚಿನ ಸಲ ಬೇರೆ ಕಡೆ ನೋಡುತ್ತಿರುತ್ತಾನೆ.